ಹೀಲರ್‌ಗೆ ಕಾಣುವ ಹಾಗೆ ಕೊಡಿ

ಕೊಪ್ಪದ ಹತ್ತಿರ ನಮ್ಮದು ಮೂರು ಎಕರೆ ಕಾಫಿ ತೋಟ. ನವೆಂಬರ್ ಕಳೆದು ಅರೇಬಿಕಾ ಹಣ್ಣಾಗುವ ಹೊತ್ತಿಗೆ, ಶಾಲೆಗೆ ರಜೆಯಿದ್ದ ದಿನ ನಾನೂ ಸೊಂಟಕ್ಕೆ ಚೀಲ ಕಟ್ಟಿಕೊಂಡು ಕೊಯ್ಲಿಗೆ ಹೋಗುತ್ತಿದ್ದೆ. ಸಂಜೆ ಕಣದಲ್ಲಿ ಚೀಲ ಸುರಿದರೆ ನನ್ನ ರಾಶಿಯಲ್ಲಿ ಅರ್ಧಕ್ಕರ್ಧ ಕಾಯಿ. "ಕಣ್ಣು ಎಲ್ಲಿಟ್ಟಿದ್ಯೋ?" ಎಂದು ಅಪ್ಪ ಬೈಯುತ್ತಿದ್ದರು. ಎಲೆಯ ಸಂದಿಯಲ್ಲಿ ಕೆಂಪಗೆ ಎದ್ದು ಕಾಣುತ್ತದೆ ಎಂದು ಎಲ್ಲರೂ ಹೇಳುವ ಹಣ್ಣು ನನಗೆ ಎಲೆಯ ಜೊತೆಗೇ ಸೇರಿಹೋಗುತ್ತಿತ್ತು. ಅಮ್ಮನಿಗೆ ಏನು ಹೊಳೆಯಿತೋ, ಒಂದು ದಿನ ನನ್ನ ಕೈ ಹಿಡಿದು ಕೊಂಬೆಯ ಮೇಲಿಟ್ಟು, "ನೋಡ್ಬೇಡ, ಮುಟ್ಟು. ಹಣ್ಣು ಮೆತ್ತಗಿರುತ್ತೆ, ತಿರುವಿದ್ರೆ ಕೈಗೆ ಬರುತ್ತೆ. ಕಾಯಿ ಗಟ್ಟಿ, ಬಿಡೋದೇ ಇಲ್ಲ" ಎಂದರು. ಅವತ್ತಿನಿಂದ ನನ್ನ ಚೀಲದಲ್ಲಿ ಕಾಯಿ ಕಡಿಮೆಯಾಯಿತು.

ನನ್ನ ಕಣ್ಣಿನ ವಿಷಯ ಸರಿಯಾಗಿ ಗೊತ್ತಾದದ್ದು 22ನೇ ವಯಸ್ಸಿನಲ್ಲಿ. ಒಂದು ಕೆಲಸಕ್ಕೆ ಆಯ್ಕೆಯಾಗಿ ವೈದ್ಯಕೀಯ ಪರೀಕ್ಷೆಗೆ ಹೋಗಿದ್ದೆ. ಬಣ್ಣದ ಚುಕ್ಕಿಗಳ ಪುಸ್ತಕ ತೆರೆದು ಡಾಕ್ಟರು ಯಾವ ಅಂಕಿ ಎಂದು ಕೇಳಿದರು. ಚುಕ್ಕಿ ಕಂಡವು, ಅಂಕಿ ಕಾಣಲಿಲ್ಲ. ಜಪಾನಿನ ವೈದ್ಯ ಶಿನೊಬು ಇಶಿಹರಾ 1917ರಲ್ಲಿ ಪ್ರಕಟಿಸಿದ ಆ ಹಾಳೆಗಳು ಇವತ್ತಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿವೆ. ಕೆಲಸ ಸಿಗಲಿಲ್ಲ. ಆ ಕೆಲಸಕ್ಕೆ ಬಣ್ಣ ಗುರುತಿಸಲು ಬರಬೇಕೆಂಬ ನಿಯಮ ಸರಿಯಾದದ್ದೇ, ನನಗೆ ದೂರಿಲ್ಲ. ಈಗ ನನಗೆ 46. ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ರಾತ್ರಿ ಊಟವಾದ ಮೇಲೆ ವಾರಕ್ಕೆ ಮೂರು ದಿನ ಆನ್‌ಲೈನ್ ಆಟದಲ್ಲಿ ಹೀಲರ್ ಆಗಿರುತ್ತೇನೆ.

ಆಟ ಹಚ್ಚಿಸಿದವನು ತಂಗಿಯ ಮಗ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ಕಚೇರಿ ಮುಚ್ಚಿ ನಮ್ಮನೆಗೆ ಬಂದವನು ಏಳು ತಿಂಗಳು ಇದ್ದ. "ಮಾವ, ನಮ್ಮ ಗುಂಪಲ್ಲಿ ಹೀಲರ್ ಯಾರೂ ಇಲ್ಲ, ನೀವು ಬನ್ನಿ, ಹೊಡೆದಾಟ ನಾವು ನೋಡ್ಕೋತೀವಿ" ಎಂದು ಕೂರಿಸಿದ. ಹೊಡೆಯುವುದಕ್ಕಿಂತ ಕಾಯುವ ಕೆಲಸ ನನ್ನ ಸ್ವಭಾವಕ್ಕೆ ಒಗ್ಗಿತು. ಬೇರೆ ಬೇರೆ ದೇಶಗಳಲ್ಲಿ ಕೂತ ಹತ್ತು ಜನ, ಮುಖ ನೋಡದವರು, ಒಂದು ಗಂಟೆ ನನ್ನನ್ನು ನಂಬಿಕೊಂಡು ನುಗ್ಗುತ್ತಾರೆ. ಈ ನಂಬಿಕೆ ಸಣ್ಣದೆಂದು ನನಗೆ ಎಂದೂ ಅನಿಸಿಲ್ಲ.

ಆಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಈ ಆಟಗಳಲ್ಲಿ ಗುಂಪಿನ ಕೆಲಸ ಮೂರು ಪಾಲಾಗಿರುತ್ತದೆ. ಟ್ಯಾಂಕ್ ಎನ್ನುವವನು ಮುಂದೆ ನಿಂತು ರಾಕ್ಷಸನ ಹೊಡೆತ ಮೈಮೇಲೆ ತೆಗೆದುಕೊಳ್ಳುತ್ತಾನೆ. ಹೆಚ್ಚಿನವರು ಆ ರಾಕ್ಷಸನನ್ನು ಹೊಡೆಯುತ್ತಾರೆ. ಹೀಲರ್ ಇವರೆಲ್ಲರ ಗಾಯ ಮಾಯಿಸುತ್ತಾನೆ, ತಗುಲಿದ ವಿಷ, ಶಾಪ, ರೋಗಗಳನ್ನು ತೆಗೆಯುತ್ತಾನೆ. ಫೈನಲ್ ಫ್ಯಾಂಟಸಿ 14ರ ಎಂಟು ಜನರ ಗುಂಪಿನಲ್ಲಿ ಇಬ್ಬರು ಟ್ಯಾಂಕ್, ಇಬ್ಬರು ಹೀಲರ್, ನಾಲ್ವರು ಹೊಡೆಯುವವರು. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಮೊದಮೊದಲ ದೊಡ್ಡ ಕಾಳಗಗಳಿಗೆ 40 ಜನ ಬೇಕಾಗಿತ್ತು.

ಹೊಡೆಯುವವನ ಕಣ್ಣು ರಾಕ್ಷಸನ ಮೇಲೆ. ಅವನಿಗೆ ಬೆಂಕಿ, ಗುಹೆ, ಆಕಾಶ ಎಲ್ಲ ಕಾಣುತ್ತವೆ. ಹೀಲರ್‌ನ ಕಣ್ಣು ಪರದೆಯ ಒಂದು ಮೂಲೆಯ ಮೇಲೆ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ. ಪೆಟ್ಟು ಬಿದ್ದರೆ ಪಟ್ಟಿ ಕುಗ್ಗುತ್ತದೆ. ವಿಷ ತಗುಲಿದರೆ ಪಟ್ಟಿಯೊಳಗೆ ಸಾಸಿವೆಯಷ್ಟು ಚಿಕ್ಕ ಚಿತ್ರ ಮೂಡುತ್ತದೆ. ಒಂದು ಮಂತ್ರ ಹಾಕಿ ಇನ್ನೊಂದು ಹಾಕಲು ವಾರ್‌ಕ್ರಾಫ್ಟ್‌ನಲ್ಲಿ ಸುಮಾರು ಒಂದೂವರೆ ಸೆಕೆಂಡ್, ಫೈನಲ್ ಫ್ಯಾಂಟಸಿಯಲ್ಲಿ ಸುಮಾರು ಎರಡೂವರೆ ಸೆಕೆಂಡ್ ಅಂತರ. ಯಾರಿಗೆ, ಯಾವುದು, ಈಗಲೋ ಆಮೇಲೋ ಎಂದು ಅಷ್ಟರೊಳಗೆ ತೀರ್ಮಾನ ಆಗಬೇಕು. ಹೀಲರ್‌ಗೆ ಆಟವೆಂದರೆ ಆ ಮೂಲೆಯೇ. ಆದ್ದರಿಂದ ಆ ಮೂಲೆ ಹೇಗಿರಬೇಕು ಎಂದು ಹೇಳುವ ಹಕ್ಕು ಹೀಲರ್‌ಗೆ ಇರಬೇಕು, ಅದನ್ನು ಆಟ ಮಾಡಿದವರೇ ಆಟದೊಳಗೇ ಕೊಡಬೇಕು ಎಂಬುದು ನನ್ನ ವಾದ.

ಈ ಮೂಲೆಯ ಚರಿತ್ರೆ ನೋಡಿದರೆ ಬೇಸರವಾಗುತ್ತದೆ. 1999ರ ಎವರ್‌ಕ್ವೆಸ್ಟ್‌ನಲ್ಲಿ ಕ್ಲೆರಿಕ್ ಎಂಬ ಹೀಲರ್ ಇದ್ದ. ಶಕ್ತಿ ಮರಳಿ ಬೇಕಾದರೆ ಕೂತು ಮಂತ್ರದ ಪುಸ್ತಕ ತೆರೆಯಬೇಕಿತ್ತು. ಮೊದಲ ದಿನಗಳಲ್ಲಿ ಆ ಪುಸ್ತಕ ಪರದೆಯನ್ನೇ ಮುಚ್ಚಿಬಿಡುತ್ತಿತ್ತು. ಸುತ್ತ ಯುದ್ಧ ನಡೆಯುತ್ತಿದ್ದರೂ ಅವನಿಗೆ ಕಾಣುವುದು ಪುಸ್ತಕದ ಹಾಳೆ ಮಾತ್ರ. ಅವನ ದೊಡ್ಡ ಮಂತ್ರ ಹಾಕಲು ಹತ್ತು ಸೆಕೆಂಡ್ ಹಿಡಿಯುತ್ತಿತ್ತು. ಅಷ್ಟರಲ್ಲಿ ಟ್ಯಾಂಕ್ ಸಾಯಬಾರದೆಂದು ಹಲವು ಕ್ಲೆರಿಕ್‌ಗಳು ಸರದಿ ಹಚ್ಚಿ, ಕೆಲವು ಸೆಕೆಂಡಿಗೊಬ್ಬರಂತೆ ಮಂತ್ರ ಶುರುಮಾಡಿ, "ನನ್ನದಾಯಿತು, ಮುಂದಿನವರು" ಎಂದು ಚಾಟ್‌ನಲ್ಲಿ ಸಾರುತ್ತಿದ್ದರು. ಭತ್ತ ಕುಟ್ಟುವ ಒರಳಿಗೆ ಇಬ್ಬರು ಒನಕೆ ಹಾಕುವಾಗ ಇರುವ ಲಯ ಅದು. ಆ ಲಯವನ್ನು ಆಟ ಕೊಡಲಿಲ್ಲ, ಆಡುವವರೇ ಕಂಡುಕೊಂಡರು. ಆವತ್ತಿನಿಂದ ಇವತ್ತಿನವರೆಗೆ ಹೀಲರ್‌ಗೆ ಬೇಕಾದದ್ದನ್ನು ಹೀಲರ್‌ಗಳೇ ಕಟ್ಟಿಕೊಂಡು ಬಂದಿದ್ದಾರೆ.

ನನ್ನ ಕಥೆಗೆ ಬರುತ್ತೇನೆ. ಆಟದ ಹೆಸರು ಬೇಡ. ಹತ್ತು ಜನ ಮೂರು ವಾರದಿಂದ ಒಂದೇ ರಾಕ್ಷಸನೆದುರು ಸೋಲುತ್ತಿದ್ದೆವು. ಆ ಕಾಳಗದಲ್ಲಿ ಪಟ್ಟಿಯ ಅಂಚಿಗೆ ಎರಡು ಬಗೆಯ ಗುರುತು ಬರುತ್ತಿತ್ತು. ಒಂದು ಬಂದರೆ ತಕ್ಷಣ ತೆಗೆಯಬೇಕು. ಇನ್ನೊಂದು ಬಂದರೆ ಆ ಮನುಷ್ಯ ದೂರ ಓಡುವ ತನಕ ಮುಟ್ಟಬಾರದು, ಮುಟ್ಟಿದರೆ ಅಲ್ಲೇ ಸಿಡಿದು ಎಲ್ಲರೂ ಸಾಯುತ್ತಾರೆ. ಒಂದು ಹಸಿರು, ಇನ್ನೊಂದು ಕಂದು ಕೆಂಪು. ಎರಡೂ ಒಂದೇ ಅಳತೆಯ ದುಂಡು ಚುಕ್ಕಿ. ರಾತ್ರಿ 11 ದಾಟಿತ್ತು. ರಾಕ್ಷಸನಿಗೆ ನೂರಕ್ಕೆ ನಾಲ್ಕು ಪಾಲು ಜೀವ ಉಳಿದಿತ್ತು. ಚುಕ್ಕಿ ಬಂತು. ನಾನು ತೆಗೆದೆ. ಹತ್ತೂ ಪಟ್ಟಿಗಳು ಒಟ್ಟಿಗೆ ಖಾಲಿಯಾದವು.

ಹೆಡ್‌ಫೋನಿನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಗುಂಪಿನ ನಾಯಕಿ ಮೆಲ್ಲಗೆ, ಏನಾಯಿತು ಎಂದು ಕೇಳಿದರು. ಹೇಳಿದೆ. ಐದು ತಿಂಗಳು ಜೊತೆಗೆ ಆಡಿದವರಿಗೆ ನನ್ನ ಕಣ್ಣಿನ ಸಂಗತಿ ಗೊತ್ತಿರಲಿಲ್ಲ. ಹೇಳುವ ಪ್ರಸಂಗವೇ ಬಂದಿರಲಿಲ್ಲ. ಆಟದ ಆಯ್ಕೆಗಳ ಪುಟದಲ್ಲಿ ಆ ಚುಕ್ಕಿಗೆ ಸಂಬಂಧಪಟ್ಟದ್ದು ಏನೂ ಇರಲಿಲ್ಲ: ಬಣ್ಣ ಬದಲಿಸುವಂತಿಲ್ಲ, ದೊಡ್ಡದು ಮಾಡುವಂತಿಲ್ಲ, ಜಾಗ ಸರಿಸುವಂತಿಲ್ಲ. ಮರುದಿನದಿಂದ ನಾಯಕಿಯೇ ನನಗೆ ಬಾಯಲ್ಲಿ ಹೇಳತೊಡಗಿದರು. "ಎರಡನೇ ಸಾಲು, ಮೂರನೆಯವರು, ಕಾಯಿರಿ... ಕಾಯಿರಿ... ಈಗ." ಆ ವಾರ ಗೆದ್ದೆವು. ಆದರೆ ಅವರು ತಮ್ಮ ಕೆಲಸದ ಜೊತೆಗೆ ನನ್ನ ಕಣ್ಣಿನ ಕೆಲಸವನ್ನೂ ಮಾಡಬೇಕಾಯಿತು. ಅದು ನನಗೆ ಇವತ್ತಿಗೂ ಕೊರೆಯುತ್ತದೆ.

ನನ್ನಂಥವರು ಅಪರೂಪವಲ್ಲ. ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಕೆಂಪು ಹಸಿರಿನ ಈ ತೊಡಕಿದೆ. ಹೆಂಗಸರಲ್ಲಿ ಇದು ಸುಮಾರು ಇನ್ನೂರರಲ್ಲಿ ಒಬ್ಬರಿಗೆ. ಇದರ ವಂಶವಾಹಿ ಎಕ್ಸ್ ಕ್ರೋಮೋಸೋಮಿನ ಮೇಲಿರುವುದರಿಂದ ಈ ವ್ಯತ್ಯಾಸ. ಅಂಥ 20 ಗಂಡಸರ ಗುಂಪಾದರೆ ಅದರಲ್ಲಿ ಸರಾಸರಿ ಒಬ್ಬಿಬ್ಬರು ಇರುತ್ತಾರೆ ಎಂದುಕೊಳ್ಳಬಹುದು. ವಾರ್‌ಕ್ರಾಫ್ಟ್‌ನಲ್ಲಿ ತೆಗೆಯಬಹುದಾದ ಕೆಡುಕುಗಳಿಗೆ ಮೊದಲಿನಿಂದ ಬಂದ ಬಣ್ಣಗಳು ನಾಲ್ಕು: ಮಾಟಕ್ಕೆ ನೀಲಿ, ಶಾಪಕ್ಕೆ ನೇರಳೆ, ರೋಗಕ್ಕೆ ಕಂದು, ವಿಷಕ್ಕೆ ಹಸಿರು. ನೇರಳೆಯಿಂದ ಕೆಂಪನ್ನು ತೆಗೆದರೆ ಉಳಿಯುವುದು ನೀಲಿ. ಕಂದು ಮತ್ತು ಹಸಿರು ನನ್ನ ಕಣ್ಣಿಗೆ ಒಂದೇ ಮಣ್ಣಿನ ಬಣ್ಣ. ನಾಲ್ಕು ಬಣ್ಣ ನನಗೆ ಎರಡಾದವು. ಬಣ್ಣದ ತೊಡಕಿರುವವರಿಗೆಂದು ಅವರು ಆಮೇಲೆ ಬೇರೆ ಆಯ್ಕೆ ಸೇರಿಸಿದ್ದಾರೆ, ಅದನ್ನು ಮೆಚ್ಚುತ್ತೇನೆ. ಆದರೆ ಬಣ್ಣವೊಂದನ್ನೇ ನೆಚ್ಚಿಕೊಂಡು ಗುರುತು ಮಾಡುವ ಅಭ್ಯಾಸ ಈ ಉದ್ಯಮದಿಂದ ಇನ್ನೂ ಹೋಗಿಲ್ಲ.

ಪಟ್ಟಣಕ್ಕೆ ಹೋದಾಗ ಟ್ರಾಫಿಕ್ ದೀಪದ ಬಳಿ ನನಗೆ ಯಾವತ್ತೂ ಗೊಂದಲವಾಗಿಲ್ಲ. ಕೆಂಪು ಮೇಲೆ, ಹಸಿರು ಕೆಳಗೆ. ಜಾಗವೇ ಹೇಳುತ್ತದೆ. ನಮ್ಮ ಸಂಘದಲ್ಲಿ ಕಂತು ತಪ್ಪಿದ ಸಾಲಗಾರರ ಹೆಸರನ್ನು ಎಕ್ಸೆಲ್ ಹಾಳೆಯಲ್ಲಿ ಕೆಂಪು ಮಾಡುವ ರೂಢಿ ಇತ್ತು. ಪಕ್ಕದಲ್ಲಿ 'ಬಾಕಿ' ಎಂಬ ಎರಡಕ್ಷರ ಹಾಕಿ ಎಂದು ಸಹೋದ್ಯೋಗಿಯನ್ನು ಕೇಳಿದೆ. ಐದು ನಿಮಿಷದ ಕೆಲಸ. ಈಗ ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆದಾಗ ಎಲ್ಲರಿಗೂ ಅದೇ ಅನುಕೂಲ.

ಆಟಗಳಲ್ಲಿ ಈ ಐದು ನಿಮಿಷದ ಕೆಲಸವನ್ನು ಇಷ್ಟು ವರ್ಷ ಮಾಡುತ್ತ ಬಂದವರು ಆಡ್‌ಆನ್ ಬರೆಯುವವರು. ವಾರ್‌ಕ್ರಾಫ್ಟ್ ಶುರುವಿನಿಂದಲೂ ಲುವಾ ಭಾಷೆಯಲ್ಲಿ ಯಾರು ಬೇಕಾದರೂ ಪರದೆಯನ್ನು ತಿದ್ದುವ ಪುಟ್ಟ ತಂತ್ರಾಂಶ ಬರೆಯಲು ಬಿಟ್ಟಿತು. ಹೀಲ್‌ಬಾಟ್, ಗ್ರಿಡ್, ವೂಡೂ, ಕ್ಲಿಕ್ ಇವೆಲ್ಲ ಹುಟ್ಟಿದ್ದು ಹಾಗೆ. ಚದುರಿದ ಪಟ್ಟಿಗಳನ್ನು ಚೌಕದ ಮನೆಗಳಾಗಿ ಜೋಡಿಸಿ, ಯಾವ ಮೂಲೆಯಲ್ಲಿ ಏನು ಕಾಣಬೇಕು, ಮೌಸಿನ ಯಾವ ಗುಂಡಿಗೆ ಯಾವ ಮಂತ್ರ ಎಂದು ಹೀಲರ್ ತಾನೇ ಗೊತ್ತುಮಾಡಿಕೊಳ್ಳಬಹುದಾಯಿತು. ಹಗಲು ಬೇರೆ ಕೆಲಸ ಮಾಡಿ ರಾತ್ರಿ ಕೂತು ಇವನ್ನು ಬರೆದವರ ಋಣ ನನ್ನಂಥವರ ಮೇಲೆ ದೊಡ್ಡದು. ಆದರೆ ಅವರು ಸ್ವಂತ ಇಷ್ಟದಿಂದ ದುಡಿಯುವವರು. ಮಗು ಹುಟ್ಟುತ್ತದೆ, ಕೆಲಸ ಬದಲಾಗುತ್ತದೆ, ಆಟ ಬೇಸರವಾಗುತ್ತದೆ, ಬಿಡುತ್ತಾರೆ. ಆಟದ ಹೊಸ ಆವೃತ್ತಿ ಬಂದ ರಾತ್ರಿ ಆಡ್‌ಆನ್ ಕೆಡುತ್ತದೆ. ಹೊಡೆಯುವವನು ಆ ರಾತ್ರಿಯೂ ಹೇಗೋ ಆಡುತ್ತಾನೆ, ನನ್ನಂಥ ಹೀಲರ್‌ಗೆ ಬಾಗಿಲು ಮುಚ್ಚಿದಂತೆ.

ಆಡ್‌ಆನ್‌ಗಳಿಗೆ ಎಲ್ಲವನ್ನೂ ಮಾಡಲು ಬಿಡಬೇಕು ಎಂದು ನಾನು ಹೇಳುವುದಿಲ್ಲ. ವಾರ್‌ಕ್ರಾಫ್ಟ್‌ನ ಮೋಲ್ಟನ್ ಕೋರ್‌ನಲ್ಲಿ ಲೂಸಿಫ್ರಾನ್ ಎಂಬ ರಾಕ್ಷಸ ಸುತ್ತಲಿದ್ದವರ ಮೇಲೆಲ್ಲ ಶಾಪ ಹಾಕುತ್ತಿದ್ದ. ಅಂಥವನ್ನು ಕಳೆಯಲು ಡಿಕರ್ಸಿವ್ ಎಂಬ ಆಡ್‌ಆನ್ ಬಂತು. ಒಂದೇ ಗುಂಡಿ ಒತ್ತುತ್ತಿದ್ದರೆ ಸಾಕು, ಯಾರಿಗೆ ಶಾಪ ತಗುಲಿದೆ, ಯಾವ ಮಂತ್ರ ಹಾಕಬೇಕು ಎಂದು ಅದೇ ಆರಿಸಿ ಹಾಕುತ್ತಿತ್ತು. ಹೀಲರ್ ಯೋಚಿಸಬೇಕಾದ್ದೇ ಇರಲಿಲ್ಲ. 2006ರ ಡಿಸೆಂಬರಿನಲ್ಲಿ ಬಂದ 2.0 ಆವೃತ್ತಿಯಲ್ಲಿ ಕಂಪನಿ ಅದಕ್ಕೆ ತಡೆ ಹಾಕಿತು. ಕಾಳಗದ ನಡುವೆ ಆಡ್‌ಆನ್ ತಾನಾಗಿ ವ್ಯಕ್ತಿಯನ್ನೂ ಮಂತ್ರವನ್ನೂ ಆರಿಸುವಂತಿಲ್ಲ ಎಂದಾಯಿತು. ಅದು ಸರಿಯಾದ ತೀರ್ಮಾನ. ತೀರ್ಮಾನಿಸುವ ಕೆಲಸವೇ ಹೋದರೆ ಹೀಲರ್ ಯಾಕೆ ಬೇಕು?

ಗೆರೆ ಎಳೆಯಬೇಕಾದ್ದು ಅಲ್ಲಿಯೇ. ಏನು ಮಾಡಬೇಕು ಎಂಬುದನ್ನು ಯಂತ್ರ ಹೇಳಿಕೊಡಬಾರದು. ಏನಾಗಿದೆ ಎಂಬುದು ಮಾತ್ರ ನನಗೆ ತಿಳಿಯುವ ರೂಪದಲ್ಲಿ ಕಾಣಬೇಕು. ಅಮ್ಮ ನನ್ನ ಪರವಾಗಿ ಹಣ್ಣು ಕೊಯ್ದು ಚೀಲ ತುಂಬಲಿಲ್ಲ. ಹಣ್ಣು ಗುರುತಿಸಲು ಇನ್ನೊಂದು ದಾರಿ ತೋರಿಸಿದರು, ಕೊಯ್ದವನು ನಾನೇ.

ಈ ಗೆರೆಯ ಪ್ರಶ್ನೆ ಈಗ ಮತ್ತೆ ಎದ್ದಿದೆ. ವಾರ್‌ಕ್ರಾಫ್ಟ್‌ನ ಮಿಡ್‌ನೈಟ್ ಎಂಬ ವಿಸ್ತರಣೆಯೊಂದಿಗೆ, ಕಾಳಗದ ವಿವರಗಳನ್ನು ಆಡ್‌ಆನ್‌ಗಳು ಲೆಕ್ಕಹಾಕಿ ನಿರ್ಧಾರ ಮಾಡದಂತೆ ಬಿಗಿ ಮಾಡುವುದಾಗಿ ಆಟದ ಕಂಪನಿ ಬ್ಲಿಝಾರ್ಡ್ 2025ರಲ್ಲಿ ಹೇಳಿತು. ಪೆಟ್ಟಿಗೆಯ ಅಳತೆ, ಆಕಾರ, ಬಣ್ಣ ಬದಲಿಸಬಹುದು, ಒಳಗೇನಿದೆ ಎಂದು ಇಣುಕುವಂತಿಲ್ಲ ಎಂಬ ಅರ್ಥದಲ್ಲಿ ಆಟದ ನಿರ್ದೇಶಕ ಅಯಾನ್ ಹಝಿಕೋಸ್ಟಾಸ್ ವಿವರಿಸಿದರು. ಬಹಳ ಜನ ನೆಚ್ಚಿಕೊಂಡಿದ್ದ ವೀಕ್‌ಆರಾಸ್ ಬರೆಯುವವರು ಮಿಡ್‌ನೈಟ್‌ಗೆ ತಮ್ಮ ಆಡ್‌ಆನ್ ತರುವುದಿಲ್ಲ ಎಂದರು. ಕಂಪನಿಯ ಉದ್ದೇಶವನ್ನು ನಾನು ಒಪ್ಪುತ್ತೇನೆ. ಆದರೆ ಒಂದು ಕೋಲು ಕಿತ್ತುಕೊಂಡವರು ಇನ್ನೊಂದು ಕೋಲು ಕೈಗಿಡಬೇಕು. ಅವರ ದಾರಿ ಆ ಕಡೆಗಿದೆ ಎನ್ನಲು ಗುರುತುಗಳೂ ಇವೆ. ಪರದೆಯ ಭಾಗಗಳನ್ನು ಎಳೆದು ಜೋಡಿಸುವ ಎಡಿಟ್ ಮೋಡ್ 2022ರಲ್ಲಿ ಆಟದೊಳಗೇ ಬಂತು. ಪಟ್ಟಿಯ ಮೇಲೆ ಕ್ಲಿಕ್ ಮಾಡಿ ಮಂತ್ರ ಹಾಕುವ ಸೌಲಭ್ಯವೂ ಆಡ್‌ಆನ್ ಇಲ್ಲದೆ ಸಿಗುತ್ತಿದೆ. ಆಟ ಬಂದು ಹದಿನೇಳು, ಹದಿನೆಂಟು ವರ್ಷದ ನಂತರ.

ಫೈನಲ್ ಫ್ಯಾಂಟಸಿ 14ರದು ಬೇರೆ ಹಾದಿ. ಅಲ್ಲಿ ಹೊರಗಿನ ತಂತ್ರಾಂಶಕ್ಕೆ ಅನುಮತಿಯೇ ಇಲ್ಲ. ಪ್ಲೇಸ್ಟೇಷನ್‌ನಲ್ಲಿ ಆಡುವವರೂ ಕಂಪ್ಯೂಟರಿನಲ್ಲಿ ಆಡುವವರೂ ಒಂದೇ ಗುಂಪಿನಲ್ಲಿ ಇರುವುದರಿಂದ ಸೌಲಭ್ಯವೆಲ್ಲ ಆಟದಲ್ಲೇ ಇರಬೇಕು. ಪರದೆಯ ಜೋಡಣೆಯನ್ನು ನಾಲ್ಕು ಬಗೆಯಾಗಿ ಉಳಿಸಿಟ್ಟು ಬೇಕಾದಾಗ ಬದಲಿಸಬಹುದು. ಗುಂಪಿನ ಪಟ್ಟಿಯನ್ನು ಪಾತ್ರದ ಪ್ರಕಾರ ಕ್ರಮವಾಗಿ ಇಡಬಹುದು. ಕಂಟ್ರೋಲರ್ ಹಿಡಿದ ಹೀಲರ್ ಮೇಲೆ ಕೆಳಗೆ ಒತ್ತುತ್ತಲೇ ಎಂಟು ಜನರಲ್ಲಿ ಒಬ್ಬರನ್ನು ಹಿಡಿಯಬೇಕಾದ್ದರಿಂದ ಈ ಕ್ರಮವೇ ಅವನಿಗೆ ಅರ್ಧ ಬಲ. ನನಗೆ ಅತ್ಯಂತ ಇಷ್ಟವಾದದ್ದು ಒಂದು ಚಿಕ್ಕ ಗೆರೆ. ತೆಗೆಯಬಹುದಾದ ಕೆಡುಕಿನ ಚಿತ್ರದ ತಲೆಯ ಮೇಲೆ ಮಾತ್ರ ಒಂದು ತಿಳಿ ಗೆರೆ ಇರುತ್ತದೆ. ಬಣ್ಣ ಗೊತ್ತಾಗಬೇಕಿಲ್ಲ. ಗೆರೆ ಇದ್ದರೆ ತೆಗೆ, ಇಲ್ಲದಿದ್ದರೆ ಬಿಡು. ಆ ಗೆರೆ ಎಳೆಯಲು ಹೊಳೆದವರು ಯಾರೋ, ಅವರಿಗೆ ನನ್ನ ನಮಸ್ಕಾರ. ಆದರೆ ಅದೂ ತೀರ ಸಣ್ಣದು. 46ರ ಕಣ್ಣಿಗೆ ರಾತ್ರಿ ಹತ್ತರ ನಂತರ ಅದು ದಪ್ಪವಾಗಿದ್ದರೆ ಚೆನ್ನ, ದಪ್ಪ ಮಾಡಿಕೊಳ್ಳುವ ಆಯ್ಕೆ ನನ್ನ ಕೈಯಲ್ಲಿದ್ದರೆ ಇನ್ನೂ ಚೆನ್ನ.

ನನಗೆ ಬೇಕಾದದ್ದು ಹೀಗೆ. ಪ್ರತಿ ಗುರುತಿಗೂ ಬಣ್ಣದ ಜೊತೆ ಆಕಾರ ಇರಲಿ, ಆ ಆಕಾರವನ್ನು ನಾನೇ ಆರಿಸಿಕೊಳ್ಳುವಂತಿರಲಿ: ವಿಷಕ್ಕೆ ತ್ರಿಕೋನ, ಶಾಪಕ್ಕೆ ಓರೆಗೆರೆ, ಮುಟ್ಟಬಾರದ್ದಕ್ಕೆ ಕತ್ತರಿ ಗುರುತು. ಪಟ್ಟಿಯ ಯಾವ ಮೂಲೆಗೆ ಯಾವ ಗುರುತು ಎಂಬುದೂ ನನ್ನ ಆಯ್ಕೆಯಾಗಲಿ, ಯಾಕೆಂದರೆ ಟ್ರಾಫಿಕ್ ದೀಪದ ಹಾಗೆ ಜಾಗ ಗಟ್ಟಿಯಾದರೆ ಕಣ್ಣು ಹುಡುಕುವುದಿಲ್ಲ, ಕೈ ತಾನೇ ಹೋಗುತ್ತದೆ. ಐದು ಜನರ ಗುಂಪಿಗೊಂದು, ಇಪ್ಪತ್ತು ಜನರ ಗುಂಪಿಗೊಂದು ಜೋಡಣೆ ತಾನಾಗಿ ಬದಲಾಗಲಿ. ಮಂತ್ರ ತಲುಪದಷ್ಟು ದೂರ ಹೋದವರ ಪಟ್ಟಿಯನ್ನು ಹೆಚ್ಚಿನ ಆಟಗಳು ಮಸುಕು ಮಾಡುತ್ತವೆ. ಮಸುಕಿನಲ್ಲಿ ನನಗೆ ಉಳಿದ ಬಣ್ಣವೂ ಹೋಗುತ್ತದೆ, ಬದಲಿಗೆ ಅಡ್ಡಗೆರೆ ಎಳೆಯಲಿ. ನಾನು ಹಾಕಿದ ಮಂತ್ರ ಯಾರ ಮೇಲೆ ಇನ್ನೆಷ್ಟು ಸೆಕೆಂಡ್ ಉಳಿದಿದೆ ಎಂಬುದು ದೊಡ್ಡದಾಗಿ ಕಾಣಲಿ, ಬೇರೆಯವರ ಹತ್ತು ಚಿತ್ರಗಳನ್ನು ಮರೆಮಾಡಲು ಬಿಡಿ. ಬೇಕೆಂದವರಿಗೆ ಗುರುತಿಗೊಂದು ದನಿಯೂ ಇರಲಿ.

ಇದಕ್ಕೆಲ್ಲ ಜೊತೆಯಾಗಿ ಇನ್ನೆರಡು. ಜೋಡಿಸಿದ್ದನ್ನು ನಿಜವಾದ ಕಾಳಗದಲ್ಲಿ ಪರೀಕ್ಷೆ ಮಾಡಿದರೆ ಜನ ಸಾಯುತ್ತಾರೆ. ವಾರ್‌ಕ್ರಾಫ್ಟ್ 2013ರಲ್ಲಿ ಪ್ರೂವಿಂಗ್ ಗ್ರೌಂಡ್ಸ್ ಎಂಬ ಗರಡಿ ತೆರೆದಿತ್ತು, ಕಂಪ್ಯೂಟರ್ ನಡೆಸುವ ಸಂಗಡಿಗರನ್ನು ಕಟ್ಟಿಕೊಂಡು ಹೀಲರ್ ಒಬ್ಬನೇ ಪಳಗಬಹುದಿತ್ತು. ಅಂಥ ಗರಡಿ ಪ್ರತಿ ಆಟದಲ್ಲೂ ಇರಲಿ, ಎಲ್ಲ ಬಗೆಯ ವಿಷ, ಶಾಪಗಳೂ ಅಲ್ಲಿ ಬರಲಿ. ಇನ್ನೊಂದು, ಒಬ್ಬರು ಕಟ್ಟಿದ ಜೋಡಣೆಯನ್ನು ಇನ್ನೊಬ್ಬರಿಗೆ ಒಂದು ಸಾಲಿನ ಅಕ್ಷರವಾಗಿ ಕಳಿಸುವಂತಿರಲಿ. ಎಡಿಟ್ ಮೋಡ್‌ನಲ್ಲಿ ಇದು ಈಗಲೇ ಆಗುತ್ತದೆ. ನನ್ನಂಥ ಕಣ್ಣಿರುವ ಹುಡುಗನೊಬ್ಬ ಎಲ್ಲೋ ಹೊಸದಾಗಿ ಹೀಲರ್ ಆಗುತ್ತಿದ್ದರೆ ನಾನು ಮೂರು ತಿಂಗಳು ತಿಣುಕಿದ್ದು ಅವನಿಗೆ ಒಂದು ನಿಮಿಷದಲ್ಲಿ ಸಿಗಬೇಕು.

ಇಷ್ಟೊಂದು ಆಯ್ಕೆ ಕೊಟ್ಟರೆ ಹೊಸಬರು ಗಾಬರಿಯಾಗುತ್ತಾರೆ ಎಂದು ತಂಗಿಯ ಮಗನೇ ವಾದಿಸುತ್ತಾನೆ. ಅವನ ಮಾತಿನಲ್ಲಿ ಹುರುಳಿದೆ. ಮೊದಲ ದಿನ ಆ ಪುಟಗಳನ್ನು ತೆರೆದು ನಾನೂ ಮುಚ್ಚಿದ್ದೇನೆ. ಆದರೆ ಅದಕ್ಕೆ ಪರಿಹಾರ ಆಯ್ಕೆ ಕಡಿತ ಮಾಡುವುದಲ್ಲ, ತೆರೆದ ಕೂಡಲೇ ಸಿಗುವ ಜೋಡಣೆ ಎಲ್ಲರಿಗೂ ಆಗುವಷ್ಟು ಚೆನ್ನಾಗಿರಬೇಕು. ಆಕಾರ ಮೊದಲಿನಿಂದಲೇ ಇದ್ದರೆ ಹೆಚ್ಚಿನವರು ಆಯ್ಕೆಯ ಪುಟಕ್ಕೆ ಹೋಗಬೇಕಾದ್ದೇ ಇಲ್ಲ. ಹೋಗಬೇಕಾದವರಿಗೆ ಬಾಗಿಲು ತೆರೆದಿರಲಿ.

ಹೀಲರ್ ಆಗಲು ಜನ ಸಿಗುವುದಿಲ್ಲ ಎಂಬುದು ಈ ಆಟಗಳ ಹಳೆಯ ಕೊರಗು. ಗುಂಪು ಸೇರಲು ಹೊಡೆಯುವವರು ಸರದಿಯಲ್ಲಿ ಕಾಯುವುದೂ ಹೀಲರ್ ಬಂದ ಕೂಡಲೇ ಬಾಗಿಲು ತೆರೆಯುವುದೂ ಆಡುವವರೆಲ್ಲ ಕಂಡ ಸಂಗತಿ. ಬಿಟ್ಟುಹೋದ ಹೀಲರ್‌ಗಳಲ್ಲಿ ಎಷ್ಟೋ ಮಂದಿ ಕೈಲಾಗದೆ ಬಿಟ್ಟವರಲ್ಲ, ಕಾಣದೆ ಬಿಟ್ಟವರು ಎಂದು ನನ್ನ ಬಲವಾದ ನಂಬಿಕೆ.

ಹೋದ ಭಾನುವಾರ ಸಂಘದಿಂದ ತಂದ ಚೌಕುಳಿ ಹಾಳೆಯ ಮೇಲೆ ನನಗೆ ಬೇಕಾದ ಪಟ್ಟಿಯನ್ನು ಪೆನ್ಸಿಲ್‌ನಲ್ಲಿ ಬರೆದೆ. ಇಪ್ಪತ್ತು ಮನೆ, ಮನೆಗೆ ನಾಲ್ಕು ಮೂಲೆ. ಎಡ ಮೇಲ್ಮೂಲೆಯಲ್ಲಿ ತ್ರಿಕೋನ, ಬಲದಲ್ಲಿ ಕತ್ತರಿ, ಕೆಳಗೆ ಸೆಕೆಂಡಿನ ಅಂಕಿ. ಬಣ್ಣದ ಪೆನ್ಸಿಲ್ ತೆಗೆಯಲೇ ಇಲ್ಲ. ತಂಗಿಯ ಮಗನಿಗೆ ಫೋಟೋ ಕಳಿಸಿದೆ. ಅವನು ಅದರ ಕೆಳಗೆ ಇಂಗ್ಲಿಷಿನಲ್ಲಿ ವಿವರಣೆ ಬರೆದು, ನಾನು ಆಡುವ ಆಟದ ಕಂಪನಿಗೆ ಸಲಹೆಯ ಪುಟದ ಮೂಲಕ ಕಳಿಸಿದ್ದಾನೆ. ಗುಂಪಿನ ನಾಯಕಿಗೂ ಒಂದು ಪ್ರತಿ ಹೋಯಿತು. ಒಂದು ಮನೆಯಲ್ಲಿ ಕತ್ತರಿ ಹಾಕುವುದನ್ನು ಮರೆತಿದ್ದೀರಿ, ಎರಡನೇ ಸಾಲು, ಮೂರನೆಯದು ಎಂದು ಅವರು ಉತ್ತರ ಬರೆದರು.